ಮೂಟೆ ಲೆಕ್ಕ

ದುಡ್ಡು ಮೊದಲೇ ಕಟ್ಟಿದ್ದೆ.
ಯುಗಾದಿಗೆ ಮುಂಚೆ, ಮದುವೆ ಬ್ಲೌಸುಗಳ ಅಡ್ವಾನ್ಸು ಕೈಯಲ್ಲಿದ್ದಾಗ:
ಸಾವಿರ ಜೀಬಿ, ವರ್ಷಕ್ಕೆ, ಪ್ರೀಪೇಯ್ಡು.
ನನ್ನ ಆರಿ ವರ್ಕಿನ ಚಿತ್ರಗಳು ಊರೂರಿಗೆ ಹರಿದುಹೋಗಲಿ,
ನನಗೆ ಇನ್ನು ತಲೆನೋವಿಲ್ಲ ಅಂದುಕೊಂಡು
ಮಂಡಿಪೇಟೆಯ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಿದೆ.

ಆಷಾಢ ಬಂತು. ಮಷೀನು ಸುಮ್ಮನಾಯಿತು.
ಬಿಲ್ಲು ಮಾತ್ರ ಬಂತು,
ಸಾವಿರದ ಮುನ್ನೂರ ಎಂಬತ್ತಾರು ರೂಪಾಯಿ.

ರೀಚಾರ್ಜು ಮಾಡಿದ ಮೇಲೂ ಬಿಲ್ಲೇ?
ತುಂಬಿದ ಕೊಡ ಒಳಗಿಟ್ಟುಕೊಂಡು
ನೀರಿಗೆ ದುಡ್ಡು ಕೊಡೋದೇ?
ಗೋಡೆಗೆ ಬೈದೆ, ಫೋನಿಗೆ ಬೈದೆ,
ಬೈಯಲು ಮನುಷ್ಯರು ಯಾರೂ ಸಿಗದೆ
ಸಬೀಹಾಳಿಗೇ ಬೈದೆ.

ಅವಳು ಕತ್ತರಿ ಕೆಳಗಿಟ್ಟು
ಪರದೆಯನ್ನು ಬೆರಳಲ್ಲಿ ಮೇಲೆ ಸರಿಸಿದಳು.
'ಅಕ್ಕಾ, ಜೀಬಿ ಖರ್ಚಾಗಿದ್ದು ಎಪ್ಪತ್ತೈದೇ.
ಒಂಬೈನೂರ ಇಪ್ಪತ್ತೈದು ಹಂಗೇ ಐತೆ.
ಕೆಳಗಿನ ಸಾಲು ನೋಡ್ರಿ.'

ಕೆಳಗಿನ ಸಾಲು, ಇರುವೆಕಾಲಿನ ಅಕ್ಷರ.
ರಿಕ್ವೆಸ್ಟು: ಒಂದು ಕೋಟಿ ಇಪ್ಪತ್ತಾರು ಲಕ್ಷ.
ಹತ್ತು ಸಾವಿರಕ್ಕೆ ಒಂದು ರೂಪಾಯಿ ಹತ್ತು ಪೈಸೆ.
ಇದು ಪ್ಯಾಕಿಗೆ ಸೇರಿಲ್ಲ.

ಕೋಟಿ ಕೋರಿಕೆ!
ದುಗ್ಗಮ್ಮನ ಮುಂದೆಯೂ ಒಂದು ಬೇಸಿಗೆಯಲ್ಲಿ
ಇಷ್ಟು ಜನ ಕೈಮುಗಿದಿರಲಿಕ್ಕಿಲ್ಲ.
ನನ್ನನ್ನು ಯಾರು, ಏನು ಬೇಡಿದರು?

ಬೇಡಿದ್ದು ಇಷ್ಟೆ:
ಒಂದು ಪುಟದಲ್ಲಿ ಎಂಬತ್ತನಾಲ್ಕು ಪುಟಾಣಿ ಚಿತ್ರ.
ನವಿಲುಗಣ್ಣು, ಮಾವಿನಮಿಡಿ, ಬೆನ್ನಿನ ಕಿಟಕಿ,
ತೋಳಿನಂಚಿನ ಗೆಜ್ಜೆಸಾಲು,
ಒಂದೊಂದೂ ಉಗುರಿನಗಲ.
ಹರಪನಹಳ್ಳಿಯಲ್ಲಿ ಯಾವಳೋ ಪುಟ ತೆರೆದರೆ
ಯಾರೋ ಎಂಬತ್ತನಾಲ್ಕು ಸಲ ಎದ್ದು ಹೋಗಿ
ಒಂದೊಂದೇ ತಂದು ಅವಳ ಮುಂದಿಡಬೇಕು.
ಒಂದೂವರೆ ಲಕ್ಷ ಸಲ ತೆರೆದಿದ್ದಾರೆ.

ಅಲ್ಲಿಗೆ ಲೆಕ್ಕ ತಿಳಿಯಿತು.
ತಿಳಿಸಿದ್ದು ಸಬೀಹಾ ಅಲ್ಲ, ನಮ್ಮಪ್ಪ.

ಹಮಾಲಿ ಕರಿಬಸಪ್ಪ. ಬೆನ್ನ ಮೇಲೆ ಮಂಡಕ್ಕಿ ಚೀಲ,
ಆಳಿಗಿಂತ ಎತ್ತರ, ಆದರೆ ಹಗುರ.
ಅಟ್ಟಕ್ಕೆ ಹತ್ತೊಂಬತ್ತು ಮೆಟ್ಟಿಲು,
ಬುತ್ತಿ ಒಯ್ಯುವಾಗ ನಾನು ಎಣಿಸಿದ್ದೆ.
'ಗಾಳಿ ತುಂಬಿದ ಚೀಲಕ್ಕೆ ಪೂರಾ ಕೂಲಿ ಏನೋ?'
ಸಾಹುಕಾರರ ನಗು.
ಅಪ್ಪ ಟವೆಲು ಕೊಡವುತ್ತ ಅಂದ:
'ತೂಕ ನಿಮ್ದು ಸಾಹುಕಾರ್ರೇ, ಮೆಟ್ಟಿಲು ನಂದು.'

ಅರ್ಧ ಕೂಲಿ ಕೊಟ್ಟರು.
ಮುಂದಿನ ವಾರ ದೊಡ್ಡ ಚೀಲ ಬಂದವು,
ಎರಡರ ಮಾಲು ಒಂದರಲ್ಲಿ, ಓಡಾಟ ಅರ್ಧ.
ದಬ್ಬಣ ಹಿಡಿದು ಆ ಚೀಲ ಹೊಲಿದವಳು ನಮ್ಮವ್ವ,
ಚೀಲಕ್ಕೆ ನಾಲ್ಕಾಣೆ.
ಆ ರಾತ್ರಿ ಇಬ್ಬರೂ ಮಾತಾಡಲಿಲ್ಲ.

ನಾನೂ ಮೊನ್ನೆ ಕೂತು ಹೊಲಿದೆ.
ಎಂಬತ್ತನಾಲ್ಕು ಚಿತ್ರ ಸೇರಿಸಿ ಒಂದೇ ಹಾಳೆ,
ಒಂದೇ ಸಲ ಹೊತ್ತು ತಂದರೆ ಸಾಕು.
ಮುಂದಿನ ತಿಂಗಳು ಹದಿನಾರೂವರೆ ರೂಪಾಯಿ ಬರ್ತದೆ
ಅಂತ ಸಬೀಹಾ ಕುಣಿದಳು.
ನನ್ನ ಮುಖ ನೋಡಿ ನಿಂತಳು.
'ಹೊರೋರು ಯಾರೂ ಇಲ್ಲಕ್ಕಾ ಅಲ್ಲಿ.
ಬರೀ ಮಷೀನು.'

ಇದ್ದೀತು.
ಹಳೇ ಬಿಲ್ಲಿಗೆ ಚೌಕಾಸಿ ಮಾಡಲಿಲ್ಲ,
ತಕರಾರು ಬರೆಯಲಿಲ್ಲ.
ಸಾವಿರದ ಮುನ್ನೂರ ಎಂಬತ್ತಾರು,
ಒಂದೊಂದು ಓಡಾಟಕ್ಕೂ ಎಣಿಸಿ, ಬಿಡದೆ.

ಬೆನ್ನೇ ಇಲ್ಲದವನಿಗೆ
ಪೂರಾ ಕೂಲಿ ಸಿಕ್ಕಿತು,
ರಸೀದಿ ಸಮೇತ.